ಕೋಟ್ರಮ್ಮನ ಎರಡು ಬೆರಳು

ಹೋದ ತಿಂಗಳು ತ್ಯಾವಣಿಗೆಯಲ್ಲಿ ನನ್ನ ಗೆಳತಿಯ ಮೊಮ್ಮಗಳ ಹುಟ್ಟುಹಬ್ಬವಿತ್ತು. ಮಗು ಮೇಣದಬತ್ತಿ ಊದಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಮಾತ್ರ ಕೇಕಿನ ತಟ್ಟೆ ಕೆಳಗಿಟ್ಟು ಹೊರಗಿನ ಕಟ್ಟೆಗೆ ಬಂದು ಕೂತೆ. ಕರಗಿದ ಮೇಣದ ಆ ಎಣ್ಣೆಯಂಥ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಏನೂ ತಿನ್ನಲು ಸೇರುವುದಿಲ್ಲ. ಗೆಳತಿ ಹಿಂದೆಯೇ ಬಂದು ಬಿಪಿ ಹೆಚ್ಚಾಯಿತಾ ಅಂತ ಕೇಳಿದಳು. ಬಿಪಿ ಅಲ್ಲ ಕಣೇ, ಹಳೇ ಹೊಟ್ಟೆಕಿಚ್ಚು ಅಂದೆ. ಅವಳು ತಮಾಷೆ ಅಂದುಕೊಂಡು ನಕ್ಕು ಒಳಗೆ ಹೋದಳು.

ತಮಾಷೆಯಲ್ಲ. ಕೆಲವು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ, ಆಷಾಢದಿಂದ ಗಣಪತಿ ಹಬ್ಬದವರೆಗೆ, ನಾನು ಅಕ್ಷರಶಃ ಉರಿದುಹೋಗಿದ್ದೆ.

ನಮ್ಮ ಮನೆಯವರು ನೋವಿನ ಡಾಕ್ಟರು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಓದುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಅವರು ಕೊಯ್ಯುವವರಲ್ಲ, ಹೊಲಿಯುವವರಲ್ಲ. ಬಿದ್ದವರನ್ನು ಎಬ್ಬಿಸಿ ನಡೆಸುವುದು, ಸೆಟೆದುಕೊಂಡ ಕೈಕಾಲನ್ನು ಮತ್ತೆ ಕೆಲಸಕ್ಕೆ ಹಚ್ಚುವುದು, ವರ್ಷಗಟ್ಟಲೆ ಕಾಡುವ ನೋವನ್ನು ತಗ್ಗಿಸುವುದು, ಇದು ಅವರ ಕಸುಬು. ಮೈಸೂರಿನ ಕಡೆಯವರು. ನನ್ನ ತವರು ಬಸವಾಪಟ್ಟಣ ಅಂತ, ಈ ಕಡೆ ಇಂಥ ಡಾಕ್ಟರು ಯಾರೂ ಇಲ್ಲ ಅಂತ, ಆ ವರ್ಷ ಚನ್ನಗಿರಿಗೆ ಬಂದು ಮನೆ ಮಾಡಿದೆವು. ಸೋಮವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಶುಕ್ರವಾರ ಜಗಳೂರು, ಉಳಿದ ದಿನ ಚನ್ನಗಿರಿ. ಹೊನ್ನಾಳಿಯಲ್ಲಿ ನಾಟಿ ಹಾಕಿ ಸೊಂಟ ಹಿಡಿದವರು, ನ್ಯಾಮತಿಯಲ್ಲಿ ಸೂರಗೊಂಡನಕೊಪ್ಪದ ಕಡೆಯಿಂದ ಬರುವ ಮಂಡಿ ನೋವಿನ ಅಜ್ಜಿಯರು, ಜಗಳೂರಿನಲ್ಲಿ ಬೈಕಿನಿಂದ ಬಿದ್ದವರು, ಲಕ್ವ ಹೊಡೆದವರು. ಪೇಷೆಂಟುಗಳ ಫೋನು ನನ್ನ ಹತ್ತಿರ ಇರುತ್ತಿತ್ತು. ಯಾರು ಯಾವತ್ತು ಬರಬೇಕು, ಯಾರಿಗೆ ಏನಾಗಿದೆ ಎಂದು ಕೇಳಿ ಬರೆದಿಟ್ಟು ಸಂಜೆ ಅವರಿಗೆ ಒಪ್ಪಿಸುವುದು ನನ್ನ ಕೆಲಸ. ನಾಲ್ಕು ತಾಲ್ಲೂಕಿನ ನೋವು ಮೊದಲು ನನ್ನ ಕಿವಿಗೇ ಬೀಳುತ್ತಿತ್ತು ಅನ್ನಿ.

ಕೋಟ್ರಮ್ಮನನ್ನು ಅವರ ಹತ್ತಿರ ಕಳಿಸಿದವಳೂ ನಾನೇ. ಕೈಯಾರೆ ತಂದುಕೊಂಡೆ.

ಕೋಟ್ರಮ್ಮ ಜಗಳೂರಿನ ಹತ್ತಿರದ ಒಂದು ಹಳ್ಳಿಯವಳು, ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅಲ್ಲಿನ ಹೆಂಗಸರ ಒಂದು ಗುಂಪು ಪ್ರತಿ ವರ್ಷ ಹಸಿ ಅಡಿಕೆ ಸುಲಿಯಲು ಬಸವಾಪಟ್ಟಣದ ನಮ್ಮಣ್ಣನ ಕಣಕ್ಕೆ ಬರುತ್ತಿತ್ತು. ಆ ಗುಂಪಿನ ಯಜಮಾನಿ ಅವಳು. ಹದಿನೆಂಟು ಹೆಂಗಸರು ಅವಳ ಒಂದು ಮಾತಿಗೆ ಏಳುತ್ತಿದ್ದರು, ಒಂದು ಮಾತಿಗೆ ಕೂರುತ್ತಿದ್ದರು. ಆ ಬೇಸಿಗೆಯಲ್ಲಿ ಅವಳಿಗೆ ಲಕ್ವ ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು. ಕಾಲು ಅಷ್ಟಿಷ್ಟು ಸರಿಹೋಯಿತು, ಮಾತು ಸರಿಹೋಯಿತು, ಕೈ ಮಾತ್ರ ಬಿಚ್ಚಲಿಲ್ಲ. ಅಣ್ಣ ನನಗೆ ಫೋನ್ ಮಾಡಿ, ನಿಮ್ಮ ಯಜಮಾನರಿಗೆ ಒಂದು ಸಲ ತೋರಿಸವ್ವ, ಸುಲಿಯೋ ಕಾಲಕ್ಕೆ ಆಕೆ ಕೈ ಬಿಚ್ಚಬೇಕು ಅಂದ.

ಅಣ್ಣ ಯಾಕೆ ಹಾಗಂದ ಎಂದು ಹೇಳಬೇಕು. ನಮ್ಮ ಮನೆಯಲ್ಲಿ ಸುಲಿಯುವ ಗುಂಪನ್ನು ಗೊತ್ತುಮಾಡಲು ಕಾಗದ ಪತ್ರ ಇಲ್ಲ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಸೋಮವಾರ ಯಜಮಾನಿ ಬಂದು ಕಣದಲ್ಲಿ ನಿಂತು ಬಲಗೈ ಒಡ್ಡುತ್ತಾಳೆ. ಅಣ್ಣ ಎರಡು ವೀಳ್ಯದೆಲೆಯ ಮೇಲೆ ಒಂದು ಅಡಿಕೆ ಇಟ್ಟು ಆ ಅಂಗೈಗೆ ಹಾಕುತ್ತಾನೆ. ಅವಳು ಮುಷ್ಟಿ ಹಿಡಿದು ಹಣೆಗೆ ಒತ್ತಿಕೊಂಡರೆ ಆ ವರ್ಷದ ಕಣ ಆ ಗುಂಪಿನದು. ಯಜಮಾನಿ ತಾನೇ ಕೂತು ಸುಲಿಯದಿದ್ದರೂ ನಡೆಯುತ್ತದೆ, ವೀಳ್ಯ ಮಾತ್ರ ಅವಳೇ ಹಿಡಿಯಬೇಕು. ಎಡಗೈಗೆ ಕೊಡುವಂತಿಲ್ಲ, ಕೈಯಿಂದ ಬಿದ್ದರೆ ಯಜಮಾನಿಕೆಯೂ ಹೋದಂತೆ. ಕೋಟ್ರಮ್ಮನ ಅವ್ವ ಹಿಡಿದಿದ್ದಳು, ಆಮೇಲೆ ಇಪ್ಪತ್ತು ವರ್ಷ ಅವಳು ಹಿಡಿದಿದ್ದಳು. ಆ ಸೋಮವಾರದೊಳಗೆ ಅಂಗೈ ಅಗಲವಾಗಿ ಬಿಚ್ಚಬೇಕು. ಕೋಟ್ರಮ್ಮನಿಗೆ ಬೇಕಾಗಿದ್ದುದು ಇಷ್ಟೇ.

ಮೊದಲ ಶುಕ್ರವಾರ ಅವಳನ್ನು ನೋಡಿಬಂದ ನಮ್ಮವರು ಊಟಕ್ಕೆ ಕೂತವರೇ ಅವಳ ಕಥೆ ತೆಗೆದರು. ಬಿಗಿದ ಸ್ನಾಯು ಸಡಿಲವಾಗಲು ಸೂಜಿ ಕೊಟ್ಟಿದ್ದೇನೆ, ಅದರ ಬಲ ಮೂರು ತಿಂಗಳು ಇರುತ್ತದೆ, ಅಷ್ಟರಲ್ಲಿ ದಿನಾ ಬೆರಳು ಹಿಗ್ಗಿಸಬೇಕು, ರಾತ್ರಿಯೆಲ್ಲ ಕೈಗೆ ಗಟ್ಟಿ ಪಟ್ಟಿ ಕಟ್ಟಿ ಬೆರಳು ಮಡಚದಂತೆ ಇಡಬೇಕು, ಆ ಮೂರು ತಿಂಗಳೇ ನಮ್ಮ ಕೈಯಲ್ಲಿರೋದು ಕಣೆ, ಕಳೆದುಕೊಂಡರೆ ಮತ್ತೆ ಸಿಗಲ್ಲ ಅಂದರು. ನಾನು ಹೂಂಗುಟ್ಟಿದೆ. ಎರಡನೇ ಶುಕ್ರವಾರ ಹೆಬ್ಬೆರಳು ಅಲ್ಲಾಡಿತು ಅಂದರು. ಮೂರನೇ ಶುಕ್ರವಾರ ತೋರುಬೆರಳು. ಇಪ್ಪತ್ತೆರಡು ವರ್ಷದಿಂದ ಊಟಕ್ಕೆ ಕೂತರೆ ಉಪ್ಪು ಹೆಚ್ಚಾಗಿದೆಯಾ ಕಮ್ಮಿಯಾಗಿದೆಯಾ ಎಂದು ಬಾಯಿ ಬಿಡದ ಮನುಷ್ಯ, ಕೋಟ್ರಮ್ಮನ ನಡುಬೆರಳಿನ ಎರಡನೇ ಗೆಣ್ಣಿನ ವಿಷಯ ಮಾತಾಡುತ್ತ ಎರಡು ರೊಟ್ಟಿ ಹೆಚ್ಚಿಗೆ ತಿಂದರು. ನನ್ನ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ ಇವತ್ತಿಗೂ ಆಧಾರ್ ಕಾರ್ಡು ಹುಡುಕುತ್ತಾರೆ.

ಒಂದು ಮಾತು. ಅದರಲ್ಲಿ ಕೆಟ್ಟದ್ದೇನೋ ಇದೆ ಎಂದು ನಾನು ಒಂದು ದಿನವೂ ಅಂದುಕೊಂಡವಳಲ್ಲ. ಅಂಥದ್ದಾಗಿದ್ದರೆ ಜಗಳವಾದರೂ ಆಡಬಹುದಿತ್ತು, ತವರಿಗೆ ಹೋಗಿ ಕೂರಬಹುದಿತ್ತು. ಇದು ಹೇಳಿಕೊಳ್ಳಲಿಕ್ಕೂ ನಾಚಿಕೆಯಾಗುವಂಥದ್ದು. ಕೈ ಸತ್ತ ಬಡವಿಯ ಮೇಲೆ, ಎರಡು ಕೈ ನೆಟ್ಟಗಿರುವ ಡಾಕ್ಟರ ಹೆಂಡತಿಗೆ ಹೊಟ್ಟೆಕಿಚ್ಚು ಅಂದರೆ ಯಾರು ಏನಂದಾರು?

ಒಂದು ಶುಕ್ರವಾರ ನಾನೂ ಬರುತ್ತೇನೆ ಎಂದು ಜಗಳೂರಿಗೆ ಹೋದೆ. ಹೋಗಬಾರದಿತ್ತು. ಕಾವಿಗೆ ಕೈ ಸಡಿಲವಾಗಲಿ ಎಂದು ಸ್ಟೀಲಿನ ತೊಟ್ಟಿಯಲ್ಲಿ ಬಿಸಿ ಮೇಣ ಕರಗಿಸಿಟ್ಟಿದ್ದರು. ಕೋಟ್ರಮ್ಮನ ಕೈಯನ್ನು ಅದರಲ್ಲಿ ಅದ್ದಿ ತೆಗೆದು, ಅದ್ದಿ ತೆಗೆದು, ಬಿಳಿ ಪದರ ಕಟ್ಟಿದ ಮೇಲೆ ಟವೆಲ್ಲು ಸುತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಆಮೇಲೆ ಮೇಣವನ್ನು ಸುಲಿದು, ಒಂದೊಂದೇ ಬೆರಳನ್ನು ಹಿಡಿದು, ನೋವಾದರೆ ಹೇಳಿ ತಾಯಿ, ನಿಲ್ಲಿಸ್ತೀನಿ ಅನ್ನುತ್ತ ಬಿಡಿಸಿದರು. ಅಷ್ಟು ಮೆತ್ತಗಿನ ದನಿ ಅವರಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಕೈಯನ್ನು ಅವರು ಅಷ್ಟು ಹೊತ್ತು ಹಿಡಿದದ್ದು ನಮ್ಮ ಧಾರೆಯ ದಿನ ಮಾತ್ರ, ಅದೂ ಪುರೋಹಿತರು ಬಿಡು ಅನ್ನುವವರೆಗೆ. ಕೋಟ್ರಮ್ಮ ನನ್ನ ಗುರುತು ಹಿಡಿದು, ಅಕ್ಕಾರು ಬಂದೀರಿ, ಕುಂದರ್ರಿ ಅಂದಳು. ನನ್ನ ಗಂಡನ ಎದುರು ನನಗೇ ಕುರ್ಚಿ ತೋರಿಸಿದಳು ಎಂದು ಮೈಯೆಲ್ಲ ಉರಿಯಿತು. ಅಂದಿನಿಂದ ಶುಕ್ರವಾರ ಸಂಜೆ ಅವರ ಅಂಗಿಯಿಂದ ಬರುವ ಮೇಣದ ವಾಸನೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಇನ್ನೊಂದು ನಡೆಯಿತು. ಒಂದು ಭಾನುವಾರ ನಮ್ಮವರು, ನಿಮ್ಮೂರಲ್ಲಿ ಅಡಿಕೆ ಹೇಗೆ ಸುಲಿಯುತ್ತಾರೆ ತೋರಿಸು ಅಂದರು. ನಾನು ಹೈಸ್ಕೂಲಿಗೆ ಹೋಗುವಾಗಲೇ ನಮ್ಮ ಕಣದಲ್ಲಿ ದೊಡ್ಡವರ ಸಮಕ್ಕೆ ಸುಲಿದವಳು. ಅಣ್ಣನ ಮನೆಯಿಂದ ಮೆಟ್ಟುಗತ್ತಿ, ಒಂದು ಚೀಲ ಹಸಿ ಅಡಿಕೆ ತರಿಸಿದೆ. ಹಿತ್ತಲಲ್ಲಿ ಮಣೆ ಹಾಕಿ ಕೂತು, ಕತ್ತಿಯನ್ನು ಕಾಲಿಂದ ಒತ್ತಿ ಹಿಡಿದು ಶುರುಮಾಡಿದೆ. ಕೈ ಮರೆತಿರಲಿಲ್ಲ. ಅವರು ನನ್ನ ಎದುರಿಗೇ ಕುಕ್ಕರಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡಿದರು, ಎದ್ದು ಈ ಮಗ್ಗುಲಿಗೆ ಬಂದು ನೋಡಿದರು, ಆ ಮಗ್ಗುಲಿಗೆ ಹೋಗಿ ನೋಡಿದರು. ನಿನ್ನ ಮಣಿಕಟ್ಟು ಎಷ್ಟು ಚೆಂದ ತಿರುಗುತ್ತೆ ಅಂದರು. ಸುಳ್ಳು ಯಾಕೆ ಹೇಳಲಿ, ನಲವತ್ತಾರನೇ ವಯಸ್ಸಿನಲ್ಲಿ ನನ್ನ ಕಿವಿ ಕೆಂಪಾಯಿತು. ಆಮೇಲೆ ಮೊಬೈಲು ತೆಗೆದು ವಿಡಿಯೋ ಮಾಡಿಕೊಂಡು, ಇದನ್ನ ಕೋಟ್ರಮ್ಮನಿಗೆ ತೋರಿಸ್ತೀನಿ, ಅವಳ ಕೈಗೂ ಹಳೇ ಕೆಲಸ ನೆನಪಾಗಬಹುದು ಅಂದರು. ಉಳಿದ ಅಡಿಕೆಯನ್ನು ಚೀಲದ ಸಮೇತ ಮೂಲೆಗೆ ಎಸೆದೆ. ಏನಾಯಿತು ಅಂದರು. ಏನೂ ಇಲ್ಲ, ಕಾಲು ಜೋಮು ಹಿಡಿಯಿತು ಅಂದೆ.

ಶ್ರಾವಣದಲ್ಲಿ ಆ ಫೋನು ಬಂತು.

ಅದು ಒಂದು ಮಂಗಳವಾರ, ಮಧ್ಯಾಹ್ನ. ಹೊರಗೆ ಸೋನೆ ಹಿಡಿದಿತ್ತು, ಒಗೆದ ಬಟ್ಟೆ ಒಂದೂ ಒಣಗದೆ ನನಗೆ ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಕೋಟ್ರಮ್ಮ ಪಕ್ಕದ ಮನೆಯವರ ಮೊಬೈಲಿನಿಂದ ಮಾಡಿದ್ದಳು. ಕೈಗೆ ಕಟ್ಟುವ ಪಟ್ಟಿ ಒತ್ತಿ ಮಣಿಕಟ್ಟಿನ ಹತ್ತಿರ ಹುಣ್ಣಾಗಿದೆ, ನೀರು ಸೋರುತ್ತಿದೆ, ಕಟ್ಟಿಕೊಳ್ಳಲೋ ಬಿಡಲೋ, ಈ ಶುಕ್ರವಾರದ ಬದಲು ನಾಳೆಯೇ ನ್ಯಾಮತಿಗೆ ಬಂದು ತೋರಿಸಲೋ, ಡಾಕ್ಟರನ್ನು ಕೇಳಿ ಹೇಳಿ ಅಂದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬರೆದುಕೊಳ್ಳುತ್ತಿದ್ದೆನೋ ಏನೋ. ಅವಳು ನಗುತ್ತ, ಡಾಕ್ಟ್ರು ನನ್ನ ದನಿ ಕೇಳಿದ್ರೇ ಸಾಕ್ರೀ, ಯಾವ ಬೆರಳು ಅಂತ ತಿಳ್ಕಂತಾರೆ ಅಂದಳು.

ಆ ಮಾತು ನನ್ನ ಎದೆಗೆ ಚುಚ್ಚಿತು. ಪಟ್ಟಿ ತೆಗೆದಿಡಿ, ಅವರೇ ಫೋನ್ ಮಾಡ್ತಾರೆ, ಅಲ್ಲಿವರೆಗೆ ಬರೋದು ಬೇಡ ಅಂದೆ. ಒಂದೇ ಉಸಿರಿಗೆ ಅಂದೆ. ಫೋನಿಟ್ಟು ಪುಸ್ತಕದಲ್ಲಿ ಬರೆಯಲಿಲ್ಲ. ಸಂಜೆ ಅವರು ಬಂದಾಗ ಹೇಳೋಣ ಅಂದುಕೊಂಡೆ. ಅವರು ಬಂದರು, ಚಾ ಕುಡಿದರು, ಕೋಟ್ರಮ್ಮನಿಗೆ ಹೊಸ ರಬ್ಬರ್ ಚೆಂಡು ತರಿಸಿದ್ದೀನಿ ನೋಡು ಅಂತ ಚೀಲದಿಂದ ತೆಗೆದು ತೋರಿಸಿದರು. ಹುಣ್ಣಿನ ಮಾತು ಎತ್ತದೆ ಚಾ ಲೋಟ ತೊಳೆಯಲು ಒಳಗೆ ಹೋದೆ.

ಆ ಶುಕ್ರವಾರ ಅವಳು ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಅವರು ಅನ್ನ ಕಲಸುತ್ತ ಕೂತವರು, ಏನಾದರೂ ಫೋನ್ ಬಂದಿತ್ತಾ ಅಂತ ಕೇಳಿದರು. ಮಗಳ ಊರಿಗೆ ಹೋಗ್ತೀನಿ ಅಂದಂಗಿತ್ತು ಅಂದೆ. ಇಂಥ ಹೊತ್ತಲ್ಲಿ ಯಾರಾದರೂ ಹೋಗ್ತಾರೇನೆ ಅಂತ ಅರ್ಧಕ್ಕೇ ಎದ್ದರು. ನನಗೆ ಪಾಪ ಅನಿಸಲಿಲ್ಲ. ಅವರ ಮುಖ ಬಾಡಿದ್ದು ನೋಡಿ, ನಿಮ್ಮ ಕೋಟ್ರಮ್ಮನೂ ನಿಮ್ಮನ್ನು ಬಿಟ್ಟು ಹೋಗಬಲ್ಲಳು, ಗೊತ್ತಾಯಿತಾ ಅಂತ ಒಳಗೊಳಗೇ ಒಂದು ತಣ್ಣನೆಯ ಖುಷಿ ಆಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮುಖ ನಾನೇ ನೋಡಿಕೊಳ್ಳಲಾರೆ.

ಮೂರನೇ ಶುಕ್ರವಾರವೂ ಹೋಯಿತು. ನಾಲ್ಕನೆಯದಕ್ಕೆ ಅವಳೇ ಬಂದಳು, ಯಾರ ಫೋನಿಗೂ ಕಾಯದೆ. ಕೋಟ್ರಮ್ಮ ಬಂದಿದ್ದಾಳೆ ಎಂದಷ್ಟೇ ನಮ್ಮವರು ಮಧ್ಯಾಹ್ನ ಫೋನಿನಲ್ಲಿ ಹೇಳಿ ಇಟ್ಟರು. ಆ ದಿನ ಸಂಜೆಯವರೆಗೆ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಈಗ ಗೊತ್ತಾಗಿರುತ್ತದೆ, ಈಗ ಬಂದು ಬೈಯುತ್ತಾರೆ, ಬೈಯಲಿ ಅಂದುಕೊಂಡೆ. ಅವರು ಬಂದು ಚಪ್ಪಲಿ ಬಿಡುತ್ತಲೇ, ಪಾಪ ಕಣೆ, ಮೂರು ವಾರ ಜ್ವರವಂತೆ, ಮಗಳ ಮನೆಯಲ್ಲೇ ಮಲಗಿಬಿಟ್ಟಿದ್ದಳಂತೆ ಅಂದರು. ಕೈ ಮತ್ತೆ ಬಿಗಿದಿದೆ, ನಡುಬೆರಳಿನವರೆಗೆ ಹೇಗೋ ಬಿಡಿಸಬಹುದು, ಕೊನೆಯ ಎರಡು ಕಷ್ಟ ಅಂದರು.

ಅವಳಿಗೆ ಯಾವ ಜ್ವರವೂ ಬಂದಿರಲಿಲ್ಲ. ನಾನು ಹೇಳಿದ ಸುಳ್ಳನ್ನು ನಮ್ಮವರೇ ಅವಳ ಮುಂದೆ ಆಡಿರಬೇಕು, ಮಗಳ ಊರಿಗೆ ಹೋಗಿದ್ದಿರಂತಲ್ಲ ಅಂತ. ಅವಳು ಆ ಕ್ಷಣದಲ್ಲೇ ಎಲ್ಲ ತಿಳಿದುಕೊಂಡು ಅದೇ ಸುಳ್ಳಿಗೆ ಒಂದು ಜ್ವರ ಜೋಡಿಸಿ ನನ್ನ ಮಾನ ಮುಚ್ಚಿದ್ದಳು. ಬೇರೆ ಯಾರಾಗಿದ್ದರೂ ಆಗಲೇ ಕಾಲಿಗೆ ಬೀಳುತ್ತಿದ್ದರು. ನನಗೆ ಮಾತ್ರ ಇನ್ನೂ ಹೆಚ್ಚು ಉರಿ ಹತ್ತಿತು. ಕೈ ಸತ್ತರೂ ಇವಳೇ ನನಗಿಂತ ಮೇಲೆ ನಿಂತಳಲ್ಲ, ಅವಳ ದಯೆಯಲ್ಲಿ ನಾನು ಸಂಸಾರ ಮಾಡಬೇಕಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ನಿಜ ಹೇಳಿದ್ದರೆ ಅವರು ವಾರಕ್ಕೆ ಎರಡು ಸಲ ಜಗಳೂರಿಗೆ ಹೋಗುತ್ತಿದ್ದರೋ ಏನೋ. ಹೇಳಲಿಲ್ಲ.

ವೀಳ್ಯದ ಸೋಮವಾರ ನಮ್ಮವರು ಹೊನ್ನಾಳಿಗೆ ರಜೆ ಹೇಳಿ ಬಸವಾಪಟ್ಟಣಕ್ಕೆ ಬಂದರು. ಮಳೆ ಹೊಳವಾಗಿತ್ತು. ಅಣ್ಣನ ಕಣವನ್ನು ಸಗಣಿ ಹಾಕಿ ಸಾರಿಸಿದ್ದರು. ಹದಿನೆಂಟು ಜನ ಸಾಲಾಗಿ ನಿಂತಿದ್ದರು, ಮುಂದೆ ಕೋಟ್ರಮ್ಮ, ಅವಳ ಹಿಂದೆ ಅವಳ ತಂಗಿಯ ಮಗಳು ರೇಣುಕಾ. ಕೋಟ್ರಮ್ಮ ಹಸಿರು ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದಿದ್ದಳು. ಬಲಗೈಯನ್ನು ಎಡಗೈಯಿಂದ ಒತ್ತಿ ಒತ್ತಿ ಬಿಡಿಸಿಕೊಳ್ಳುತ್ತಿದ್ದಳು. ಆಮೇಲೆ ಎಡಗೈ ತೆಗೆದು ಬಲಗೈ ಮುಂದೆ ಚಾಚಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಚೆನ್ನಾಗಿ ಬಿಚ್ಚಿಕೊಂಡವು. ಉಂಗುರದ ಬೆರಳೂ ಕಿರುಬೆರಳೂ ಅಂಗೈ ಮೇಲೆ ಮಡಚಿಕೊಂಡೇ ಇದ್ದವು.

ಅಣ್ಣ ಜಾಣ, ಎಲೆಯನ್ನು ಆದಷ್ಟು ಹೆಬ್ಬೆರಳಿನ ಕಡೆಗೇ ಇಟ್ಟ. ಅವಳು ಮುಷ್ಟಿ ಕಟ್ಟಲು ಹೋದಳು. ಮಡಚಿದ ಬೆರಳ ಗೆಣ್ಣಿಗೆ ತಾಗಿ ಎಲೆ ಓರೆಯಾಗಿ, ಅಡಿಕೆ ಜಾರಿ ಕಣಕ್ಕೆ ಬಿತ್ತು.

ಯಾರೂ ಬಗ್ಗಿ ಎತ್ತಲಿಲ್ಲ. ಅಣ್ಣ, ಇನ್ನೊಂದು ಸಲ ಹಿಡಿಯವ್ವ, ಯಾರೇನಂತಾರೆ ಅಂದ. ಅವಳು ತಲೆ ಅಲ್ಲಾಡಿಸಿ, ಬ್ಯಾಡ ಗೌಡ್ರೆ, ಬಿದ್ದದ್ದು ಬಿತ್ತು, ರೇಣುಕಾಗೆ ಕೊಡ್ರಿ ಅಂದಳು. ರೇಣುಕಾ ಅಳುತ್ತ ಕೈ ಒಡ್ಡಿದಳು. ಕೋಟ್ರಮ್ಮ ಸಾಲಿನ ಕೊನೆಗೆ ಹೋಗಿ ನಿಂತಳು. ನನ್ನ ಬದುಕಿನಲ್ಲಿ ಅಷ್ಟು ನಿಧಾನಕ್ಕೆ ಯಾರೂ ಹದಿನೆಂಟು ಹೆಜ್ಜೆ ಇಟ್ಟದ್ದು ನಾನು ನೋಡಿಲ್ಲ.

ಎಲ್ಲರೂ ಫಲಾರಕ್ಕೆ ಕೂತಾಗ ಅವಳು ಹಿತ್ತಲ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ನಮ್ಮವರು ಅವಳ ಕೈ ಹಿಡಿದು ಆ ಎರಡು ಬೆರಳನ್ನು ನೋಡುತ್ತ, ನನ್ನದೇ ಎಲ್ಲೋ ತಪ್ಪಾಯಿತು ತಾಯಿ, ಸೂಜಿಯ ಪ್ರಮಾಣ ಕಮ್ಮಿ ಕೊಟ್ಟೆನೋ ಏನೋ ಅನ್ನುತ್ತಿದ್ದರು. ನನ್ನ ಗಂಡ ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುವುದನ್ನು ಅಲ್ಲಿ ನಿಂತು ನೋಡಲಾಗಲಿಲ್ಲ.

"ತಪ್ಪು ನಿಮ್ಮದಲ್ಲ, ನಂದು," ಅಂದೆ. "ಪಟ್ಟಿ ಒತ್ತಿ ಹುಣ್ಣಾಗಿದೆ ಅಂತ ಇವರು ಫೋನ್ ಮಾಡಿದ್ರು. ಬರಬೇಡಿ ಅಂದವಳು ನಾನು. ನಿಮಗೆ ಸುಳ್ಳು ಹೇಳಿದವಳೂ ನಾನು. ನನಗೆ ಹೊಟ್ಟೆಕಿಚ್ಚಾಗಿತ್ತು."

ಅವರು ಕೋಟ್ರಮ್ಮನ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು, ಅದರಲ್ಲೇ ಅವರಿಗೆ ಉತ್ತರ ಸಿಕ್ಕಿತು. ಅವಳ ಕೈಯನ್ನು ಮೆಲ್ಲಗೆ ಅವಳ ಮಡಿಲಿಗಿಟ್ಟು ಎದ್ದರು. ನನ್ನತ್ತ ತಿರುಗಿ, "ನೋವು ಬರೆದುಕೊಳ್ಳೋಕೆ ಅಂತ ಆ ಫೋನು ನಿನ್ನ ಕೈಗೆ ಕೊಟ್ಟಿದ್ದೆ," ಅಂದರು. ಅಷ್ಟೇ ಅಂದು ಕಾರಿನ ಕಡೆಗೆ ನಡೆದರು. ಅದಾದ ಮೇಲೆ ಒಂಬತ್ತು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಫೋನನ್ನು ಮಾತ್ರ ಮರುದಿನವೇ ತಾವೇ ಒಯ್ದರು.

ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು. ನಾನು ಅವಳ ಕಾಲ ಹತ್ತಿರ ನೆಲಕ್ಕೆ ಕೂತೆ. ನನ್ನನ್ನು ಕ್ಷಮಿಸು ಅನ್ನುವುದು ಬಿಟ್ಟು, ಅವತ್ತೇ ಯಾಕೆ ನಿಜ ಹೇಳಲಿಲ್ಲ ನೀನು ಅಂತ ಅವಳನ್ನೇ ಕೇಳಿದೆ, ಅವಳದೇ ತಪ್ಪೆಂಬಂತೆ.

"ಮನ್ಯಾಗೆ ಬೆಂಕಿ ಹಚ್ಚಾಕೆ ನಾನ್ಯಾರ್ರೀ ಅಕ್ಕಾರೆ," ಅಂದಳು ಕೋಟ್ರಮ್ಮ. "ನನ್ನ ಗಂಡ ಇದ್ದಾಗ ಅವನ ಬಾಯಾಗೆ ದಿನಾ ಇನ್ನೊಬ್ಬಾಕಿ ಹೆಸರು ಬಂದಿದ್ರೆ, ನಾನು ಫೋನು ಮುಚ್ಚಿಡ್ತಿರಲಿಲ್ಲ, ಒಡದೇ ಹಾಕ್ತಿದ್ದೆ. ಹೊಟ್ಟೆಕಿಚ್ಚು ಎಲ್ಲಾರಿಗೂ ಐತೆ. ಅದಕ್ಕೆ ನಾನು ನಿಮ್ಮನ್ನ ಬೈಯಾಕಿಲ್ಲ."

ನನಗೆ ಅಳು ಬಂತು. ಹಗುರಾಯಿತು ಅಂದುಕೊಂಡೆ. ಅವಳು ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ಆದ್ರೆ ಈ ಮೂರು ಬೆರಳು ಡಾಕ್ಟ್ರು ಬಿಡಿಸಿದ್ದು. ಈ ಎಲ್ಡು ನಿಮ್ಮವು. ಇವನ್ನ ಬಿಡಿಸಾಕೆ ಡಾಕ್ಟ್ರು ಬರೋದು ಬ್ಯಾಡ. ನೀವೇ ಬರ್ರಿ."

ಅಂದಿನಿಂದ ಪ್ರತಿ ಶುಕ್ರವಾರ ನಾನು ಜಗಳೂರಿಗೆ ಹೋಗುತ್ತೇನೆ. ಮೊದಲು ನಮ್ಮವರು ಬೆರಳು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟರು, ಮತ್ತೊಮ್ಮೆ ಸೂಜಿಯನ್ನೂ ಕೊಟ್ಟರು. ಈಗ ಅವರು ಆ ಕಡೆ ಬೇರೆಯವರನ್ನು ನೋಡುತ್ತಿರುತ್ತಾರೆ, ನಾನು ಈ ಕಡೆ ಕೋಟ್ರಮ್ಮನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತೇನೆ. ಎರಡು ವರ್ಷಕ್ಕೆ ಉಂಗುರದ ಬೆರಳು ಮುಕ್ಕಾಲು ಭಾಗ ಬಿಚ್ಚಿತು. ಕಿರುಬೆರಳು ಬಿಚ್ಚಿಲ್ಲ, ಇನ್ನು ಬಿಚ್ಚುವುದೂ ಇಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು, ನಮ್ಮವರಂತೂ ಯಾವಾಗಲೋ ಹೇಳಿಬಿಟ್ಟರು. ಆದರೂ ನಾನು ಹೋಗುವುದನ್ನು ಬಿಟ್ಟಿಲ್ಲ, ಅವಳು ಬರುವುದನ್ನು ಬಿಟ್ಟಿಲ್ಲ. ಪ್ರತಿ ಸಲ ಏಳುವಾಗ ಅವಳು ಆ ಮಡಚಿದ ಕಿರುಬೆರಳನ್ನು ನನಗೆ ತೋರಿಸಿ, ಇದು ನಿಮ್ದು ಅನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ. ನನಗೆ ಇನ್ನೂ ಒಂದು ಸಲವೂ ನಗಲು ಆಗಿಲ್ಲ.